ಸುರಂಗದ ನೀರು, ಬೀಳ್ಕೊಡುಗೆಯ ಊಟ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಪಾಠ)



ಈ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನನ್ನು ಮರೆಯದೆ ಕರೆಸಿದಿರಿ. ಅದಕ್ಕಾಗಿ ನಾನು ಕೃತಜ್ಞನು. ಏನು ಮಾತನಾಡಲಿ ಎಂದು ಕಾರ್ಯದರ್ಶಿಗಳನ್ನು ಕೇಳಿದಾಗ, “ಮಕ್ಕಳಿಗೆ ತಿಳಿಯಬೇಕು, ಪಾಲಕರಿಗೆ ಬೇಸರವಾಗಬಾರದು, ಅಂಥದು ಏನಾದರೂ ಇರಲಿ” ಎಂದರು. ಉಪದೇಶಗಳನ್ನು ನೀವು ಈ ವೇದಿಕೆಯಿಂದ ಸಾಕಷ್ಟು ಕೇಳಿರುವಿರಿ. ಆದುದರಿಂದ ನಾನು ಹೇಳಹೊರಟಿರುವುದು ಒಂದು ನಡಿಗೆಯ ಮತ್ತು ಒಂದು ಊಟದ ಸಂಗತಿ. ಕಳೆದ ಏಪ್ರಿಲ್ ತಿಂಗಳ ಕೊನೆಯಲ್ಲಿ ಕಾಸರಗೋಡು ಸೀಮೆಯ ಗೆಳೆಯರೊಬ್ಬರ ಮನೆಯಲ್ಲಿ ಎಂಟು ದಿನ ಇದ್ದು ಬಂದೆನು. ಅಲ್ಲಿಂದ ಹೊರಡುವ ಹಿಂದಿನ ದಿನ ನಡೆದದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಈ ಗೆಳೆಯರು ಧಾರವಾಡದಲ್ಲಿ ನನ್ನ ಸಹಪಾಠಿಗಳು. ಎರಡು ವರ್ಷ ಒಂದೇ ಕೋಣೆಯಲ್ಲಿ ಇದ್ದವರು. ಅವರೂ ನನ್ನಂತೆಯೇ ಗಡಿಯಾಚೆಯ ಕನ್ನಡ ಶಾಲೆಯಲ್ಲಿ ಮೇಷ್ಟರಾದರು. 1956ನೆಯ ಇಸವಿಯ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಅಲ್ಲಿಯವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಅಕ್ಕಲಕೋಟೆ ಅಂದು ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರದ್ದಾಯಿತು. ನಮ್ಮ ಪೇಟೆಯಲ್ಲಿ ಮರಾಠಿ ಫಲಕದ ಪಕ್ಕದಲ್ಲಿ ಕನ್ನಡದ ಫಲಕವಿರುವಂತೆ, ಅಲ್ಲಿ ಮಲಯಾಳದ ಪಕ್ಕದಲ್ಲಿ ಕನ್ನಡವಿದೆ. ಕನ್ನಡನಾಡಿನ ಉತ್ತರದ ಅಂಚಿನವನು ನೈರುತ್ಯದ ಅಂಚಿಗೆ ಹೋದರೆ ಪರದೇಶಕ್ಕೆ ಹೋದಂತೆ ಆಗಬೇಕು. ಹಾಗಾಗಲಿಲ್ಲ.

ಪ್ರಯಾಣದ ಕಥೆ ಬೇಡ. ಮಂಗಳೂರಿನವರೆಗೆ ರೈಲು. ಮುಂದೆ ಕುಂಬಳೆ, ಬದಿಯಡ್ಕಗಳ ಮೇಲಿನಿಂದ ಪೆರ್ಲದವರೆಗೆ ಬಸ್ಸು. ಬದಿಯಡ್ಕದ ಬಳಿ ಪೆರಡಾಲವೆಂಬ ಊರಿದೆ. ನೂರು ವರ್ಷ ಬಾಳಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಅಧ್ಯಾಪಕರಾಗಿದ್ದ ಸ್ಥಳವದು. ಬಸ್ಸಿನ ಕಿಟಕಿಯಿಂದಲೇ ಕೈಮುಗಿದು ಮುಂದೆ ಹೋದೆನು.

ಪೆರ್ಲದಿಂದ ಒಳಗೆ ಒಂದು ಗುಡ್ಡದ ಬುಡದಲ್ಲಿ ಮಿತ್ರರ ಮನೆ. ಮನೆಯ ಮುಂದೆ ಅಡಿಕೆಯ ತೋಟ, ಹಿಂದೆ ಗುಡ್ಡ. ಜಗಲಿ ಏರಿದ ಕೂಡಲೆ ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಒಂದು ಚೊಂಬು ನೀರು ಬಂದವು. ಬಂದವರಿಗೆ ಮೊದಲು ಬೆಲ್ಲ ನೀರು ಕೊಟ್ಟು, ಅನಂತರವೇ ಕುಶಲ ಕೇಳುವುದು ಆ ಸೀಮೆಯ ಪದ್ಧತಿ. ಮಿತ್ರರ ಮಡದಿಯನ್ನು ನಾನು ನಮ್ಮ ಕಡೆಯ ರೂಢಿಯಂತೆ ‘ವೈನಿ’ ಎಂದು ಕರೆದೆನು. ಅವರು ಅದನ್ನು ಕೇಳಿ ನಕ್ಕರು. ಎಂಟು ದಿನವೂ ನಾನು ಅವರಿಗೆ ‘ಮಾಷ್ಟ್ರು’, ಅವರು ನನಗೆ ವೈನಿ. ಮಿತ್ರರ ಅಣ್ಣನವರೂ ಅದೇ ಮನೆಯಲ್ಲಿ ಇದ್ದಾರೆ. ಎಪ್ಪತ್ತು ದಾಟಿದ ಹಿರಿಯರು. ತೋಟದ ಆಡಳಿತವೆಲ್ಲ ಅವರದು.

ಚೊಂಬಿನ ನೀರು ಹೂಜಿಯಲ್ಲಿಟ್ಟಂತೆ ತಣ್ಣಗಿತ್ತು. ಬಾವಿಯದೇ ಎಂದು ಕೇಳಿದೆನು. “ಬಾವಿ ಇಲ್ಲ, ಸುರಂಗದ್ದು. ಹೊರಡುವ ಮೊದಲು ತೋರಿಸುತ್ತೇನೆ” ಎಂದರು ಮಿತ್ರರು. ಮದುವೆ, ಉಪನಯನಗಳ ಓಡಾಟದಲ್ಲಿ ಏಳು ದಿನ ಕಳೆದು, ಕೊನೆಯ ದಿನದ ಬೆಳಗ್ಗೆಯೇ ಅದಕ್ಕೆ ಬಿಡುವಾಯಿತು.

ಮಕ್ಕಳೆ, ಇಲ್ಲೊಂದು ಲೆಕ್ಕವನ್ನು ಗಮನಿಸಿರಿ. ನಮ್ಮ ಸೋಲಾಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರು. ಕಾಸರಗೋಡಿನಲ್ಲಿ ಸುಮಾರು 3500 ಮಿಲಿಮೀಟರು, ಎಂದರೆ ನಮ್ಮ ಆರು ಪಟ್ಟಿಗಿಂತ ಹೆಚ್ಚು. ಕೇರಳದ 44 ನದಿಗಳಲ್ಲಿ 12 ನದಿಗಳು ಆ ಒಂದು ಜಿಲ್ಲೆಯಲ್ಲಿ ಹರಿಯುತ್ತವೆ. ಅಂಥಲ್ಲಿ ನೀರಿನ ಚಿಂತೆ ಇರಬಾರದು ಎಂದೇ ನಾನು ತಿಳಿದಿದ್ದೆನು. ಆದರೆ ಏಪ್ರಿಲಿನಲ್ಲಿ ಅಲ್ಲಿಯ ತೋಟದವನ ಮುಖವೂ ನಮ್ಮ ರೈತನ ಮುಖದಂತೆಯೇ ಬಾಡಿರುತ್ತದೆ. ಮಳೆಯ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ ಬಿದ್ದು, ಇಳಿಜಾರಿನಲ್ಲಿ ಓಡಿ, ಸ್ವಲ್ಪ ಹೊತ್ತಿನಲ್ಲಿಯೇ ಸಮುದ್ರವನ್ನು ಸೇರಿಬಿಡುತ್ತದೆ.

ಅಂದು ಆರು ಗಂಟೆಗೆ ಹೊರಟೆವು. ತೋಟವನ್ನು ದಾಟಿ, ಗೇರುಮರಗಳ ನಡುವೆ ಏರಿ, ಗುಡ್ಡದ ನೆತ್ತಿಯ ಬಯಲಿಗೆ ಬಂದೆವು. ಇಂಥ ಬಯಲನ್ನು ಅಲ್ಲಿ ‘ಪದವು’ ಎನ್ನುತ್ತಾರೆ. ನೆಲವೆಲ್ಲ ತುಕ್ಕುಹಿಡಿದ ಕಬ್ಬಿಣದ ಬಣ್ಣದ, ಜೇನುಗೂಡಿನಂತೆ ತೂತುತೂತಾದ ಕಲ್ಲು. ಹುಲ್ಲು ಒಣಗಿ ಬಿಳಚಿತ್ತು. ನಮ್ಮ ಮಾಳದ ನೆನಪೇ ನನಗಾಯಿತು. ಪೂರ್ವಕ್ಕೆ ಘಟ್ಟದ ಸಾಲು ನೀಲಿಯಾಗಿ ಕಾಣುತ್ತಿತ್ತು. ಪಶ್ಚಿಮದಲ್ಲಿ ಮಬ್ಬಿನೊಳಗೆ ಒಂದು ಬೆಳ್ಳಿಯ ಗೆರೆಯಿತ್ತು. ಸಮುದ್ರವೆಂದು ಮಿತ್ರರು ಹೇಳಿದರು, ನಾನು ನಂಬಿದೆನು.

ಆ ಕಲ್ಲಿಗೆ ಅಲ್ಲಿ ಮುರಕಲ್ಲು ಎಂದು ಹೆಸರು. ಫ್ರಾನ್ಸಿಸ್ ಬುಕನನ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನು 1800–1801ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ, ಮಲಬಾರಿನಲ್ಲಿ ಜನರು ಇಂಥ ಕಲ್ಲನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ಕಂಡನು. 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲ್ಯಾಟಿನಿನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನೆಲದೊಳಗೆ ಇರುವಾಗ ಕೊಡಲಿಯಿಂದ ಕಡಿಯುವಷ್ಟು ಮೆತ್ತಗೆ, ಗಾಳಿ ಬಿಸಿಲು ತಾಗಿದರೆ ಗಟ್ಟಿ. ಈ ಒಂದು ಗುಣವನ್ನು ನೆನಪಿಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

ಪದವಿನಿಂದ ಕೆಳಗಿಳಿಯುವಾಗ ಮಿತ್ರರು ಎದುರಿನ ಗೇರುತೋಟದ ಕಡೆಗೆ ಕೈತೋರಿಸಿ ನಿಂತರು. 1970ರ ದಶಕದ ಕೊನೆಯಿಂದ 2000ದ ವರೆಗೆ ಆ ಸೀಮೆಯ ಗೇರುಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸುತ್ತಿದ್ದರು. ಗುಡ್ಡದ ನೆತ್ತಿಯ ಮೇಲೆ ಬಿದ್ದುದು ಬುಡದ ಮನೆಯವರ ಕುಡಿಯುವ ನೀರಿಗೆ ಇಳಿಯಿತು. ಎಣ್ಮಕಜೆ ಮೊದಲಾದ ಪಂಚಾಯತುಗಳಲ್ಲಿ ಎಷ್ಟೋ ಮಕ್ಕಳು ಅಂಗವೈಕಲ್ಯದಿಂದ, ಬುದ್ಧಿಮಾಂದ್ಯದಿಂದ ನರಳಿದರು. 2011ರಲ್ಲಿ ಸುಪ್ರೀಂ ಕೋರ್ಟು ಅದರ ಬಳಕೆಯನ್ನು ದೇಶದಲ್ಲೆಲ್ಲ ತಡೆಯಿತು. “ನನ್ನ ತರಗತಿಯಲ್ಲಿ ಅಂಥ ಇಬ್ಬರು ಇದ್ದರು” ಎಂದಷ್ಟೆ ಹೇಳಿ ಮಿತ್ರರು ನಡೆದರು. ಹೆಚ್ಚು ಕೇಳಲು ನನಗೆ ಧೈರ್ಯವಾಗಲಿಲ್ಲ.

ಗುಡ್ಡದ ನಡುಮೈಯಲ್ಲಿ ಸುರಂಗದ ಬಾಯಿ ಇದೆ. ದೂರದಿಂದ ನೋಡಿದರೆ ನರಿಯ ಬಿಲವೆನ್ನಬೇಕು. ಜರಿಗಿಡಗಳು ಮುಚ್ಚಿಕೊಂಡಿದ್ದವು. ಬಾಯಿಯಿಂದ ಹೆಬ್ಬೆರಳು ಗಾತ್ರದ ನೀರು ಸದ್ದಿಲ್ಲದೆ ಹೊರಗೆ ಹರಿಯುತ್ತಿತ್ತು. ಮಿತ್ರರು ಟಾರ್ಚು ಹಿಡಿದು ಮುಂದೆ ನಡೆದರು. “ಬಗ್ಗು ಮಾರಾಯ, ತಲೆ ತಾಗುತ್ತದೆ” ಎಂದರು. ಎತ್ತರ ಒಬ್ಬ ಆಳಿನಷ್ಟು, ಅಗಲ ಒಬ್ಬನು ಪಿಕ್ಕಾಸು ಬೀಸುವಷ್ಟು. ನನ್ನ ಗಾತ್ರವನ್ನು ನೀವು ನೋಡಿಯೇ ಇದ್ದೀರಿ. ಕೆಲವೆಡೆ ಅಡ್ಡಡ್ಡವಾಗಿ ಸರಿಯಬೇಕಾಯಿತು. ಕಾಲಿನ ಗಂಟಿನವರೆಗೆ ತಣ್ಣನೆಯ ನೀರು, ತಲೆಯ ಮೇಲಿಂದ ತೊಟ್ಟು ತೊಟ್ಟು ಹನಿ. ನಾಲ್ಕಾರು ಬಾವಲಿಗಳು ಕಿವಿಯ ಪಕ್ಕದಲ್ಲಿಯೇ ಹಾರಿಹೋದವು. ಗೋಡೆಯ ಮೇಲೆ ಪಿಕ್ಕಾಸಿನ ಗೆರೆಗಳು ನಿನ್ನೆ ಮೊನ್ನೆ ಎಳೆದಂತೆ ಸ್ಪಷ್ಟವಾಗಿದ್ದವು. ಅವು ಮಿತ್ರರ ಅಜ್ಜನ ಕಾಲದವು. ಇಟ್ಟಿಗೆಯಿಲ್ಲ, ಗಾರೆಯಿಲ್ಲ. ಗಾಳಿ ತಾಗಿದ ಮುರಕಲ್ಲು ತಾನೇ ಗೋಡೆಯಾಗಿದೆ.

ಸುರಂಗದ ಗುಟ್ಟು ಹೀಗಿದೆ. ಪದವಿನ ಮೇಲೆ ಬಿದ್ದ ಮಳೆಯಲ್ಲಿ ಒಂದು ಪಾಲು ಆ ತೂತುಕಲ್ಲಿನೊಳಗೆ ಇಂಗುತ್ತದೆ. ಮುರಕಲ್ಲಿನ ಕೆಳಗೆ ‘ಶೇಡಿ’ ಎಂಬ ಬಿಳಿಯ ಜೇಡಿಮಣ್ಣಿನ ಪದರವಿರುತ್ತದೆ. ನೀರು ಅದನ್ನು ಸುಲಭವಾಗಿ ದಾಟಲಾರದೆ, ಅದರ ಮೇಲೆಯೇ ಅಡ್ಡಲಾಗಿ ಹರಿಯತೊಡಗುತ್ತದೆ. ನಮ್ಮ ಕಡೆ ನೀರನ್ನು ಹುಡುಕುವುದೆಂದರೆ ಕೆಳಕ್ಕೆ ತೋಡುವುದು. ಅಲ್ಲಿಯವರು ಗುಡ್ಡದ ಹೊಟ್ಟೆಗೆ ಅಡ್ಡವಾಗಿ ತೋಡಿ, ಅಡ್ಡ ಹರಿಯುವ ಆ ನೀರಿಗೆ ಎದುರಾಗುತ್ತಾರೆ. ನೆಲವನ್ನು ಹೊರಮುಖವಾಗಿ ಸ್ವಲ್ಪವೇ ಇಳಿಜಾರು ಮಾಡಿದರೆ ನೀರು ತಾನೇ ನಡೆದು ಹೊರಗೆ ಬರುತ್ತದೆ. ಹಗ್ಗ ಬೇಡ, ರಾಟೆ ಬೇಡ, ವಿದ್ಯುತ್ತಿನ ಬಿಲ್ಲಂತೂ ಇಲ್ಲವೇ ಇಲ್ಲ. ಆ ಜಿಲ್ಲೆಯಲ್ಲಿ ಇಂಥ ಸುರಂಗಗಳು ಸಾವಿರಾರು ಇವೆ. ಅಳತೆ ‘ಕೋಲಿ’ನಲ್ಲಿ, ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಮಿತ್ರರ ಸುರಂಗ ಅರುವತ್ತು ಕೋಲು. ಎಷ್ಟು ಅಡಿಯೆಂಬುದನ್ನು ಐದನೆಯ ತರಗತಿಯವರು ಹೇಳಬಲ್ಲರು.

ತೋಡುವ ಕೆಲಸ ಸುಲಭದ್ದಲ್ಲ. ಒಬ್ಬನು ಒಳಗೆ ಕೂತು ಕಡಿಯಬೇಕು, ಇನ್ನೊಬ್ಬನು ಮಣ್ಣನ್ನು ಹೊರಗೆ ಸಾಗಿಸಬೇಕು. ಒಳಗೆ ಉರಿಯುವ ಮೊಂಬತ್ತಿಯನ್ನು ಇಟ್ಟುಕೊಳ್ಳುತ್ತಾರೆ. ಬತ್ತಿ ನಂದಿದರೆ ಉಸಿರಾಡುವ ಗಾಳಿ ಮುಗಿಯಿತೆಂದು ತಿಳಿದು ಕೂಡಲೆ ಹೊರಗೆ ಬರಬೇಕು. ನೀರು ಸಿಕ್ಕಿಯೇ ಸಿಕ್ಕುವುದೆಂಬ ಭರವಸೆಯೂ ಇಲ್ಲ. ಗಡಿಯ ಆಚೆ, ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಬಳಿ, ಅಮೈ ಮಹಾಲಿಂಗ ನಾಯ್ಕರೆಂಬ ಕೃಷಿಕರಿದ್ದಾರೆ. ಅಡಿಕೆ, ತೆಂಗು ಕೊಯ್ಯುವ ಕೂಲಿಗಳಾಗಿದ್ದ ಅವರಿಗೆ 1978ರಲ್ಲಿ ಗುಡ್ಡದ ಇಳಿಜಾರಿನ ಎರಡು ಎಕರೆ ಬೋಳುನೆಲ ದೊರೆಯಿತು. ಹಗಲೆಲ್ಲ ಕೂಲಿ ಮಾಡಿ, ಉಳಿದ ಹೊತ್ತಿನಲ್ಲಿ ಒಬ್ಬರೇ ಸುರಂಗ ತೋಡಿದರು. ಮೊದಲ ಐದರಲ್ಲಿ ನೀರು ಬರಲಿಲ್ಲ. ಊರವರು ನಕ್ಕರೂ ಅವರು ಮತ್ತೆ ಪಿಕ್ಕಾಸು ಹಿಡಿದರು, ನೀರನ್ನೂ ಕಂಡರು. 2022ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀಯನ್ನು ಕೊಟ್ಟಿತು. ಹಲವು ಪದವಿಗಳ ಬಿರುದಾಂಕಿತರಿಗಿಂತ ಇಂಥವರ ಹೆಸರು ನಮ್ಮ ಮಕ್ಕಳ ಬಾಯಲ್ಲಿ ಇರಬೇಕೆಂದು ನನಗೆ ತೋರುತ್ತದೆ.

ಸುರಂಗದಿಂದ ಹೊರಬಿದ್ದ ನೀರಿನ ಜೊತೆಯಲ್ಲಿಯೇ ನಾವೂ ಕೆಳಗಿಳಿದೆವು. ಹಿಂದೆ ಸೀಳಿದ ಅಡಿಕೆಮರದ ದಂಬೆಗಳಲ್ಲಿ ಅದನ್ನು ಹಾಯಿಸುತ್ತಿದ್ದರಂತೆ, ಈಗ ಪ್ಲಾಸ್ಟಿಕ್ ಕೊಳವೆ ಬಂದಿದೆ. ಕೊಳವೆ ಮನೆಯ ಹಿಂದಿನ ಟಾಂಕಿಗೆ ಬೀಳುತ್ತದೆ. ಟಾಂಕಿ ತುಂಬಿದ ಮೇಲೆ ಹೆಚ್ಚಿನ ನೀರು ಕಲ್ಲಿನ ಕಾಲುವೆಯಲ್ಲಿ ಇಳಿದು, ಕೆಳಗಿನ ಒಂದು ಪುಟ್ಟ ಮನೆಯ ಅಂಗಳಕ್ಕೆ ಹೋಗುತ್ತದೆ. ಆ ಮನೆಯಲ್ಲಿರುವವರು ಒಬ್ಬ ವೃದ್ಧೆ. ತುಳು ಮನೆಮಾತು. ಊರವರೆಲ್ಲರಿಗೂ ‘ದೊಡ್ಡಕ್ಕ’. ಆ ಹೆಚ್ಚಿನ ನೀರಿನಲ್ಲಿಯೇ ಆಕೆಯ ಅಡುಗೆ, ಸ್ನಾನ, ಬಸಳೆಯ ಚಪ್ಪರ, ಸೌತೆಯ ಬಳ್ಳಿ ಎಲ್ಲ ನಡೆಯಬೇಕು. ಅಲ್ಲಿಂದ ಮುಂದೆ ಹಳ್ಳ, ಅದನ್ನು ಅಲ್ಲಿ ‘ತೋಡು’ ಎನ್ನುತ್ತಾರೆ. ಅದಕ್ಕೆ ಅಡ್ಡಲಾಗಿ ಕಲ್ಲು ಮಣ್ಣುಗಳ ‘ಕಟ್ಟ’ವಿತ್ತು. ಮಳೆಗಾಲ ಮುಗಿದ ಮೇಲೆ ತೋಟದವರೆಲ್ಲ ಸೇರಿ ಪ್ರತಿವರ್ಷ ಇದನ್ನು ಕಟ್ಟುತ್ತಾರೆ, ಮುಂದಿನ ಮಳೆಗೆ ಅದು ಕೊಚ್ಚಿಹೋಗುತ್ತದೆ, ಮತ್ತೆ ಕಟ್ಟುತ್ತಾರೆ.

ದೊಡ್ಡಕ್ಕ ಕಾಲುವೆಯ ಕೊನೆಯಲ್ಲಿ ಕೊಡಪಾನ ಇಟ್ಟು ಕುಳಿತಿದ್ದರು. ನೀರು ದಾರದಂತೆ ಬೀಳುತ್ತಿತ್ತು. ಮಿತ್ರರು ಅಲ್ಲಿ ನಿಂತು ತಗ್ಗಿದ ಧ್ವನಿಯಲ್ಲಿ ನನಗೆ ಒಂದು ಸುದ್ದಿಯನ್ನು ಹೇಳಿದರು. ಬರುವ ಬುಧವಾರ ಕೊಳವೆಬಾವಿಯ ಯಂತ್ರ ಬರಲಿದೆ. ಸುರಂಗದ ನೀರು ಮೂರು ಬೇಸಿಗೆಗಳಿಂದ ಸಣ್ಣದಾಗಿದೆ, ಮೇಲಿನ ತಟ್ಟಿನ ಅಡಿಕೆ ಹಳದಿಯಾಗಿದೆ. ಬೆಂಗಳೂರಿನಲ್ಲಿರುವ ಅಣ್ಣನ ಮಗ ಹಣ ಕಳುಹಿಸಿದ್ದಾನೆ. ಮಿತ್ರರಿಗೆ ಮನಸ್ಸಿಲ್ಲ. ಆದರೆ ಅಣ್ಣನ ಎದುರು ನಿಂತು ಬೇಡವೆನ್ನುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇಲ್ಲ.

ಅಂದು ರಾತ್ರಿ ನನಗೆ ಬೀಳ್ಕೊಡುಗೆಯ ಊಟ. ಚಾವಡಿಯಲ್ಲಿ ಒಂದೇ ಸಾಲಿನಲ್ಲಿ ಬಾಳೆಯೆಲೆ ಹಾಕಿದ್ದರು. ನೆರೆಯ ಎರಡು ಮನೆಯವರು, ಕಟ್ಟ ಕಟ್ಟುವ ನಾಲ್ವರು, ದೊಡ್ಡಕ್ಕ, ಎಲ್ಲರೂ ಬಂದಿದ್ದರು. ಬೆಳ್ತಿಗೆ ಅನ್ನ, ಒಂದೆಲಗದ ತಂಬುಳಿ, ಹಲಸಿನಕಾಯಿಯ ಪಲ್ಯ, ಸೌತೆಯ ಮೇಲಾರ, ಕಾಟುಮಾವಿನ ಹಣ್ಣಿನ ಸಾಸಮೆ, ಹಲಸಿನ ಹಪ್ಪಳ, ಹಲಸಿನಹಣ್ಣಿನ ಪಾಯಸ. ಸಾಸಮೆಯೆಂದರೆ ಸಾಸಿವೆ ತೆಂಗಿನಕಾಯಿ ಅರೆದು ಬೆಲ್ಲ ಬೆರೆಸಿದ ಸಿಹಿಹುಳಿಯ ವ್ಯಂಜನ. ಮೂರು ಸಾರೆ ಹಾಕಿಸಿಕೊಂಡೆನು. ನಾನು ಇಲ್ಲಿಂದ ಒಯ್ದಿದ್ದ ಕಟಕ ರೊಟ್ಟಿ, ಶೇಂಗಾ ಹಿಂಡಿಗಳನ್ನೂ ವೈನಿಯವರು ಎಲ್ಲರ ಎಲೆಗೂ ಬಡಿಸಿದ್ದರು. ಎಲೆಯ ತುದಿಯಲ್ಲಿ ಆ ರೊಟ್ಟಿಯನ್ನು ಕಂಡು, “ಇದೂ ಹಪ್ಪಳವೋ?” ಎಂದು ಒಬ್ಬ ಹುಡುಗನು ಕೇಳಿದನು. ಸೌತೆ ಮತ್ತು ಒಂದೆಲಗ ದೊಡ್ಡಕ್ಕನ ಅಂಗಳದವು. ಎಲೆಯ ಮೇಲೆ ಇದ್ದವುಗಳಲ್ಲಿ ಹೆಚ್ಚಿನವು ನಾನು ಬೆಳಗ್ಗೆ ಕಾಲಿಟ್ಟು ಬಂದ ಆ ಹೆಬ್ಬೆರಳು ಗಾತ್ರದ ನೀರನ್ನು ಕುಡಿದು ಬೆಳೆದವು. ಅದು ನೆನಪಾದೊಡನೆ ಊಟದ ವೇಗ ತಾನಾಗಿ ತಗ್ಗಿತು.

ಪಾಯಸ ಬಡಿಸುವ ಹೊತ್ತಿಗೆ ಅಣ್ಣನವರೇ ಮಾತು ತೆಗೆದರು: “ಮಾಷ್ಟ್ರೇ, ನೀವು ಬೋರುಗಳ ಸೀಮೆಯವರು. ಬುಧವಾರ ಇಲ್ಲಿ ಬೋರು ಕೊರೆಸುತ್ತೇವೆ. ಇವನಿಗೆ ಹೆದರಿಕೆ. ಬೋರಿನ ನೀರು ಅಡಿಯ ಬಂಡೆಯದು, ಸುರಂಗದ ನೀರು ಮೇಲಿನ ಮುರಕಲ್ಲಿನದು. ಅದಕ್ಕೂ ಇದಕ್ಕೂ ಸಂಬಂಧವೇನು? ಸುರಂಗ ಕೆರೆಸೋಣವೆಂದರೆ ಕೆಲಸ ಬಲ್ಲವರು ಊರಿಗೆ ಇಬ್ಬರು ಉಳಿದಿಲ್ಲ. ನೀವೇ ಹೇಳಿ.”

ಅವರ ಮಾತಿನಲ್ಲಿ ಹುರುಳಿತ್ತು. ಅತಿಥಿಯಾದವನು ಮನೆಯ ವ್ಯಾಜ್ಯದಲ್ಲಿ ಬಾಯಿ ಹಾಕಬಾರದು, ಆದರೆ ಕೇಳಿದವರು ಯಜಮಾನರು. ನಾನು ಕಂಡದ್ದನ್ನು ಮಾತ್ರ ಹೇಳುತ್ತೇನೆಂದು ಹೇಳಿದೆನು. 1972ರ ಬರಗಾಲದ ಬಳಿಕ ನಮ್ಮ ಕಡೆಯ ಎಷ್ಟೋ ಹಳ್ಳಿಗಳ ಬಾಯಾರಿಕೆಯನ್ನು ತಣಿಸಿದ್ದು ಕೈಪಂಪಿನ ಬೋರುಗಳೇ. ಹಲವು ದೇಶಗಳಲ್ಲಿ ಬಳಕೆಗೆ ಬಂದ ‘ಇಂಡಿಯಾ ಮಾರ್ಕ್ 2’ ಕೈಪಂಪಿಗೆ ಮೂಲಮಾದರಿ ನಮ್ಮ ಸೋಲಾಪುರದ ಪಂಪು. ಆದುದರಿಂದ ಬೋರನ್ನು ನಾನು ಬೈಯಲಾರೆ. ಆದರೆ ಕುಡಿಯುವ ನೀರಿನ ಬೋರು ಬೇರೆ, ಬೆಳೆಯ ನೀರಿನ ಬೋರು ಬೇರೆ. ನಮ್ಮ ವಸ್ತಿಯಲ್ಲಿ ಮೊದಲ ಬೋರಿಗೆ 150 ಅಡಿಯಲ್ಲಿ ನೀರು ಬಂದಿತು. ಮುಂದಿನವಕ್ಕೆ 300 ಅಡಿ ಬೇಕಾಯಿತು. ಈಚಿನದು 600 ಅಡಿ ಇಳಿದರೂ ಮೇಲೆ ಬಂದದ್ದು ಧೂಳು. ಗುಡಿಯ ಹಿಂದಿನ ಮೆಟ್ಟಿಲ ಬಾವಿಯಲ್ಲಿ ನಾವೆಲ್ಲ ಈಜು ಕಲಿತವರು. ಈಗ ಹುಡುಗರು ಅದರೊಳಗೆ ಇಳಿಯುವುದು ಕ್ರಿಕೆಟ್ ಚೆಂಡನ್ನು ಹುಡುಕಲು. ನಿಮ್ಮ ಗುಡ್ಡದ ಒಳಗಿನ ಸಂಗತಿಯನ್ನು ನಾನು ಬಲ್ಲವನಲ್ಲ, ಹೀಗೆಯೇ ಆಗುವುದೆಂದು ಹೇಳಲಾರೆ ಎಂದು ಮುಗಿಸಿದೆನು.

ಯಾರೂ ಮಾತಾಡಲಿಲ್ಲ. ಆಗ ಸಾಲಿನ ಕೊನೆಯಿಂದ ದೊಡ್ಡಕ್ಕ ತುಳುವಿನಲ್ಲಿ ಏನೋ ಹೇಳಿದರು. ಮಿತ್ರರು ಅದನ್ನು ನನಗೆ ಕನ್ನಡದಲ್ಲಿ ತಿಳಿಸಿದರು: “ಜಾಗ ನಿಮ್ಮದು, ಬೋರು ಬೇಡವೆನ್ನಲು ನಾನು ಯಾರು? ಸುರಂಗ ನಿಂತರೆ ಕೊಡಪಾನವನ್ನು ಎಲ್ಲಿಗೆ ಹೊತ್ತುಕೊಂಡು ಹೋಗಲಿ, ಅದೊಂದನ್ನು ಈಗಲೇ ಹೇಳಿಬಿಡಿ.”

“ಬೋರಿನ ನೀರನ್ನೇ ನಿಮಗೂ ಬಿಡುತ್ತೇವಲ್ಲ” ಎಂದರು ಅಣ್ಣನವರು.

“ಕರೆಂಟು ಇದ್ದಾಗ” ಎಂದರು ದೊಡ್ಡಕ್ಕ.

ಅಣ್ಣನವರು ಮಜ್ಜಿಗೆ ಹಾಕಿಸಿಕೊಂಡು ಬಹಳ ಹೊತ್ತು ಅನ್ನವನ್ನು ಕಲಸುತ್ತಲೇ ಇದ್ದರು. ಉಳಿದವರ ಊಟ ಮುಗಿದಿತ್ತು, ಆದರೆ ಹಿರಿಯರು ಏಳದೆ ಯಾರೂ ಏಳುವಂತಿರಲಿಲ್ಲ. ಕೊನೆಗೆ, “ಯಂತ್ರದವರಿಗೆ ನಾಳೆ ಫೋನು ಮಾಡು, ಈ ವರ್ಷ ಬೇಡವೆನ್ನು. ಮೊದಲು ಸುರಂಗದ ಹೂಳು ತೆಗೆಸಿ, ಇನ್ನು ಹತ್ತು ಕೋಲು ಮುಂದೆ ತೋಡಿಸಿ ನೋಡುವ. ಮುಂದಿನ ಬೇಸಿಗೆಗೂ ಮೇಲಿನ ತಟ್ಟು ಒಣಗಿದರೆ ನನ್ನನ್ನು ಯಾರೂ ತಡೆಯಬಾರದು” ಎಂದು ತಮ್ಮನಿಗೆ ಹೇಳಿ ಎದ್ದರು. ಅಂದು ರಾತ್ರಿ ಬೆಂಗಳೂರಿನ ಮಗನೊಡನೆ ಫೋನಿನಲ್ಲಿ ಅವರ ಏರುದನಿಯ ಮಾತು ನಾನು ಮಲಗಿದ್ದ ಕೋಣೆಗೂ ಕೇಳಿಸುತ್ತಿತ್ತು. ಬೆಳಗ್ಗೆ ನಾನು ಹೊರಡುವಾಗ ಆ ಸುದ್ದಿಯನ್ನು ಯಾರೂ ಎತ್ತಲಿಲ್ಲ. ವೈನಿಯವರು ಒಂದು ಭರಣಿ ಮಿಡಿ ಉಪ್ಪಿನಕಾಯಿಯನ್ನು ಬಟ್ಟೆಯಲ್ಲಿ ಬಿಗಿದು ಕೊಟ್ಟರು.

ಜುಲೈ ತಿಂಗಳಲ್ಲಿ ಮಿತ್ರರ ಕಾಗದ ಬಂದಿತು. ದೂರದ ಊರಿನಿಂದ ಇಬ್ಬರು ಕೆಲಸಗಾರರು ಬಂದು ಹನ್ನೆರಡು ದಿನ ಇದ್ದರಂತೆ. ಹೂಳು ತೆಗೆದರು. ಮುಂದೆ ಏಳು ಕೋಲು ತೋಡುವಷ್ಟರಲ್ಲಿ ಶೇಡಿಮಣ್ಣು ಕುಸಿಯತೊಡಗಿದ್ದರಿಂದ, ಜೀವದ ಆಸೆಯಿದ್ದರೆ ಇಲ್ಲಿಗೆ ಸಾಕೆಂದು ಪಿಕ್ಕಾಸು ಕೆಳಗಿಟ್ಟರು. ನೀರು ಸ್ವಲ್ಪ ಹೆಚ್ಚಿತು. ಮೊದಲು ಬಿಸಿಲೇರಿದ ಮೇಲೆ ತುಂಬುತ್ತಿದ್ದ ಟಾಂಕಿ, ಮಳೆ ಹಿಡಿಯುವ ಮೊದಲ ದಿನಗಳಲ್ಲಿ ಕೋಳಿ ಕೂಗುವ ಹೊತ್ತಿಗೆ ತುಂಬುತ್ತಿತ್ತಂತೆ. ಮೇಲಿನ ತಟ್ಟಿನ ನಲವತ್ತು ಅಡಿಕೆಮರಗಳು ಮಾತ್ರ ಉಳಿಯಲಿಲ್ಲ. ಅವುಗಳ ಲೆಕ್ಕವನ್ನು ಅಣ್ಣನವರು ದಿನಕ್ಕೊಮ್ಮೆ ತಮ್ಮನ ಎದುರಿಗೆ ಹೇಳುತ್ತಾರಂತೆ. ಬೋರಿನ ಮಾತು ಬರುವ ಏಪ್ರಿಲಿಗೆ ಮತ್ತೆ ಏಳುವುದು ನಿಶ್ಚಯ.

ಕಾಗದದೊಳಗೆ ಒಂದು ಪೊಟ್ಟಣವಿತ್ತು. ದೊಡ್ಡಕ್ಕ ಕೊಟ್ಟ ಸೌತೆಯ ಬೀಜ. ನಾನು ಅದನ್ನು ತಂದು ಈ ಶಾಲೆಯ ಎಂಟನೆಯ ತರಗತಿಯವರಿಗೆ ಕೊಟ್ಟೆನು. ಅವರು ಊಟದ ಬಳಿಕ ಕೈತೊಳೆದ ನೀರು ಹರಿಯುವ ಕಡೆ ಬಿತ್ತಿದರು. ಆರು ಬಳ್ಳಿ ಬಂದವು, ಎರಡನ್ನು ಆಡು ತಿಂದಿತು. ಉಳಿದವುಗಳ ಕಾಯಿಗಳನ್ನು ಅಡುಗೆಯ ಕೋಣೆಯ ಜಂತಿಗೆ ಆ ಸೀಮೆಯವರಂತೆ ಬಾಳೆನಾರಿನಲ್ಲಿ ಕಟ್ಟಿ ತೂಗಹಾಕಿದ್ದಾರೆ. ಇಂದಿನ ಮಧ್ಯಾಹ್ನದ ಊಟದ ಹುಳಿಗೆ ಅವುಗಳಲ್ಲಿ ಮೂರನ್ನು ಹಾಕಿರುವುದಾಗಿ ಅಡುಗೆಯವರು ಈಗ ತಾನೆ ಹೇಳಿದರು.